ಹೊತ್ತುಕೊಂಡು ಬಂದ ನೀರು

ನನ್ನ ಸೈಕಲ್ಲಿಗೆ ಪಂಪ್ ಮಾಮ ಇಟ್ಟ ಹೆಸರು ಟ್ಯಾಂಕರ್. ಅದು ಹೊರುತ್ತಿದ್ದದ್ದೂ ಹಾಗೆಯೇ. ಚೌಕಟ್ಟಿಗೆ ಸಿಕ್ಕಿಸಿದ ಎರಡು ಬಾಟಲಿ, ಹಿಂದಿನ ಚೀಲಗಳಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ಬಾಟಲಿ, ಅದರ ಮೇಲೆ ಕ್ಯಾರಿಯರ್‌ಗೆ ರಬ್ಬರ್ ಪಟ್ಟಿಯಿಂದ ಬಿಗಿದ ಐದು ಲೀಟರಿನ ಕ್ಯಾನು. ಇಳಿಜಾರಿನಲ್ಲಿ ಅದು ನನ್ನನ್ನು ಮುಂದಕ್ಕೆ ದಬ್ಬುತ್ತಿತ್ತು, ಏರಿನಲ್ಲಿ ಸೆರಗು ಹಿಡಿದ ಮಗುವಿನ ಹಾಗೆ ಹಿಂದಕ್ಕೆ ಎಳೆಯುತ್ತಿತ್ತು.

ಪಂಪ್ ಮಾಮ ಎಂದರೆ ನಮ್ಮ ಬೀದಿಯ ತುದಿಯಲ್ಲಿ ಸೈಕಲ್ ಅಂಗಡಿ ಇಟ್ಟಿರುವವರು. ಬೀದಿಯ ಮಕ್ಕಳ ಚಕ್ರಗಳಿಗೆಲ್ಲ ಗಾಳಿ ಹಾಕಿ ಹಾಕಿ ಆ ಹೆಸರು ಅಂಟಿಕೊಂಡಿದೆ. ಅರವತ್ತು ದಾಟಿದರೂ ಮೀನಖಂಡ ಕಲ್ಲಿನ ಹಾಗಿದೆ. ಪ್ರತಿ ಬೇಸಿಗೆಯಲ್ಲಿ ಒಂದು ಗುಂಪು ಕಟ್ಟಿಕೊಂಡು ಬೆಟ್ಟದ ದಾರಿಯಲ್ಲಿ ಒಂದು ವಾರದ ಸವಾರಿ ಹೋಗುತ್ತಾರೆ. ನನ್ನ ಮಗಳಿಗೆ ಆ ಗುಂಪಿನಲ್ಲಿ ಹೋಗಬೇಕಿತ್ತು. ಆ ವರ್ಷ ಅವಳು ನಮ್ಮನ್ನು ಕೇಳಿದ್ದು ಅದೊಂದೇ.

ಕೇಳಿದ್ದು ಅಂದರೆ ಅದೂ ದೊಡ್ಡ ಸಂಗತಿಯೇ. ಹದಿನಾರು ತುಂಬಿದ ಮೇಲೆ ಅವಳ ಮಾತು ‘ಹೂಂ’, ‘ಗೊತ್ತು’, ‘ಆಮೇಲೆ’ ಈ ಮೂರರಲ್ಲೇ ಮುಗಿಯುತ್ತಿತ್ತು. ಅವಳ ತಪ್ಪೇನೂ ಇಲ್ಲ. ಅವಳ ಅಪ್ಪ ಬೇಕರಿಯ ಒಲೆಯ ಮುಂದೆ ನಿಂತು ಬೆಳಗಾಗುವಾಗ ಮನೆಗೆ ಬಂದು ಬೀಳುತ್ತಾರೆ. ನಾನು ಕಬ್ಬಿಣದ ಗೋದಾಮಿನಲ್ಲಿ ಕ್ರೇನ್ ನಡೆಸುವವಳು. ಅವರು ಬರುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟುತ್ತಿರುತ್ತೇನೆ. ಮನೆಯಲ್ಲಿ ಯಾರಾದರೊಬ್ಬರು ಯಾವಾಗಲೂ ಮಲಗಿರುತ್ತಾರೆ. ಅಂಥ ಮನೆಯಲ್ಲಿ ಬೆಳೆದ ಮಗು ಮೆಲ್ಲಗೆ ಬಾಗಿಲು ಹಾಕುವುದನ್ನು ಕಲಿಯುತ್ತದೆ, ಮೆಲ್ಲಗೆ ಪಾತ್ರೆ ಇಡುವುದನ್ನು ಕಲಿಯುತ್ತದೆ, ಕೊನೆಗೆ ಮಾತನ್ನೂ ಮೆಲ್ಲಗೆ ಎತ್ತಿಟ್ಟುಬಿಡುತ್ತದೆ.

ಸೈಕಲ್ ಮೇಲೆ ಕೂತರೆ ಮಾತ್ರ ಅವಳ ಬಾಯಿ ತೆರೆಯುತ್ತಿತ್ತು. ಅದನ್ನು ನಾನು ಕಂಡುಕೊಂಡದ್ದೇ ಪಂಪ್ ಮಾಮನ ನಿಯಮದಿಂದ. ಹದಿನೆಂಟು ತುಂಬದವರ ಜೊತೆ ಮನೆಯ ದೊಡ್ಡವರೊಬ್ಬರು ಬರಬೇಕು. ಬರುವುದೆಂದರೆ ಸಾಮಾನಿನ ವ್ಯಾನಿನಲ್ಲಿ ಕೂತಲ್ಲ, ಪೆಡಲ್ ತುಳಿದುಕೊಂಡು.

“ನನ್ನ ಮಂಡಿ ನೋಡಿದ್ರೆ ಸೈಕಲ್ಲೇ ಅತ್ತುಬಿಡುತ್ತೆ,” ಎಂದರು ನನ್ನ ಗಂಡ. “ನೀನೇ ಹೋಗು. ನಿಂಗೆ ದಿನವಿಡೀ ಕೂತಿರೋ ಕೆಲಸ.”

“ಕೂತಿರೋ ಕೆಲಸಾನಾ? ಒಂದ್ ದಿನ ಮೇಲೆ ಹತ್ತಿ ನೋಡ್ಬನ್ನಿ, ಗೊತ್ತಾಗುತ್ತೆ.”

“ಸರಿ ಬಿಡೇ, ತೂಗಾಡೋ ಕೆಲಸ.”

ಮಗಳು ಬಾಗಿಲಲ್ಲಿ ನಿಂತಿದ್ದಳು. “ಅಮ್ಮ, ಬರ್ತೀಯೋ ಇಲ್ವೋ, ಒಂದೇ ಮಾತಲ್ಲಿ ಹೇಳು. ಇಲ್ಲ ಅಂದ್ರೂ ಪರವಾಗಿಲ್ಲ.”

‘ಪರವಾಗಿಲ್ಲ’ ಎನ್ನುವುದನ್ನು ಅವಳು ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಾಳೆ ಎಂದುಕೊಂಡೆ. ಬರುತ್ತೇನೆ ಎಂದೆ.

ಹೀಗೆ ಶುರುವಾಯಿತು. ರಜೆಯ ದಿನ ಬಟ್ಟೆ ಒಗೆಯುವುದನ್ನು ಬಿಟ್ಟು ಸೈಕಲ್ ತುಳಿದೆ. ಮೊದಮೊದಲು ಮನೆಗೆ ಬಂದರೆ ಮೆಟ್ಟಿಲನ್ನು ಕೂತುಕೊಂಡೇ ಹತ್ತುತ್ತಿದ್ದೆ. ಆಮೇಲೆ ಕಾಲು ಒಗ್ಗಿತು. ಮಗಳು ನನ್ನ ಪಕ್ಕದಲ್ಲೇ ತುಳಿಯುತ್ತಾ ಅವಳ ಶಾಲೆಯ ಟೀಚರು, ಅವಳ ಗೆಳತಿಯ ಸುಳ್ಳುಗಳು, ಮುಂದೆ ಏನು ಓದಬೇಕು ಅಂತ ಗೊತ್ತಾಗದ ಗೊಂದಲ, ಎಲ್ಲವನ್ನೂ ಹೇಳುತ್ತಿದ್ದಳು. ಮುಖ ನೋಡಿಕೊಂಡು ಹೇಳಲಾಗದ್ದನ್ನು ರಸ್ತೆ ನೋಡಿಕೊಂಡು ಹೇಳುತ್ತಿದ್ದಳು. ನಾನು ಏದುಸಿರು ಬಿಡುತ್ತಾ “ಹೂಂ” ಎನ್ನುತ್ತಿದ್ದೆ. ಈಗ ‘ಹೂಂ’ ನನ್ನ ಪಾಲಿಗೆ ಬಂದಿತ್ತು.

ಅಂಥದೊಂದು ಅಭ್ಯಾಸದ ದಿನವೇ ಅವಳ ನೀರು ಮುಗಿದುಹೋಯಿತು. ಎರಡು ಊರುಗಳ ನಡುವೆ ಒಂದು ಅಂಗಡಿಯೂ ತೆರೆದಿರಲಿಲ್ಲ. ರಸ್ತೆಯ ಎರಡೂ ಬದಿ ಬರೀ ಗಾರೆ ಗೋಡೆಗಳ ಗೋದಾಮು, ಬೀಗ ಹಾಕಿದ ಗೇಟು. ಅವಳ ತುಟಿ ಸುಣ್ಣ ಬಳಿದಂತಾಗಿತ್ತು. “ಇನ್ನೆಷ್ಟು ದೂರ?” ಎಂದು ಕೇಳುವ ದನಿಯೂ ಬದಲಾಗಿತ್ತು. ನನ್ನ ಬಾಟಲಿಯನ್ನು ಅವಳಿಗೆ ಕೊಟ್ಟೆ. ಗಟಗಟ ಕುಡಿದು ಮುಗಿಸಿದಳು. ಆ ಸದ್ದು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು.

ಮರುದಿನವೇ ಕ್ಯಾನು ತಂದೆ. ಆಮೇಲಿಂದ ನಾನು ಟ್ಯಾಂಕರ್.

*

ಬೆಟ್ಟಕ್ಕೆ ಹೋಗುವವರನ್ನು ಪಂಪ್ ಮಾಮ ಮೊದಲು ಒಂದು ದಿನದ ಸವಾರಿಗೆ ಕರೆದುಕೊಂಡು ಹೋಗಿ ನೋಡುತ್ತಾರೆ. ಅಣೆಕಟ್ಟಿನವರೆಗೆ ಹೋಗಿ ಕತ್ತಲಾಗುವ ಮೊದಲು ಅಂಗಡಿಗೆ ವಾಪಸ್ಸು ಬರಬೇಕು. ವ್ಯಾನು ಹತ್ತಿದವರಿಗೆ ಬೆಟ್ಟವಿಲ್ಲ. ದೊಡ್ಡವರು ವ್ಯಾನು ಹತ್ತಿದರೆ ಅವರ ಜೊತೆ ಬಂದ ಮಗುವಿಗೂ ಇಲ್ಲ.

ಆ ದಿನ ಬೆಳಿಗ್ಗೆ ನನ್ನ ಗಂಡ ಹಿಟ್ಟಿನ ಕೈಯಲ್ಲೇ ಬಾಟಲಿಗಳಿಗೆ ನೀರು ತುಂಬಿಸಿದರು. ಪ್ರತಿ ಬಾಟಲಿಯ ಕತ್ತಿನ ಮೇಲೂ ಬಿಳಿ ಬೆರಳಚ್ಚು.

“ಮನೆ ಮೇಲಿನ ಟ್ಯಾಂಕನ್ನೂ ಇಳಿಸಿ ಕಟ್ಕೊಡ್ಲಾ?”

“ನಿಮ್ಗೇನ್ರೀ ಗೊತ್ತು. ದಾರೀಲಿ ಸಿಗದೆ ಹೋದ್ರೆ ಆಗ ಗೊತ್ತಾಗುತ್ತೆ.”

“ಗೊತ್ತಾಗೋಕೆ ನೀನು ವಾಪಸ್ ಬರ್ಬೇಕಲ್ಲ. ಆ ಭಾರ ಹೊತ್ಕೊಂಡು ಅಣೆಕಟ್ಟು ಮುಟ್ಟಿದ್ರೆ ಅಲ್ಲಿ ಸುರಿದು ಬಾ, ಅಣೆಕಟ್ಟು ತುಂಬುತ್ತೆ.”

ಮಗಳು ಶೂ ಕಟ್ಟಿಕೊಳ್ಳುತ್ತಾ ನಕ್ಕಳು. ಮನೆಯೊಳಗೆ ಅವಳು ನಕ್ಕು ಎಷ್ಟು ದಿನವಾಗಿತ್ತೋ.

ಹೋಗುವ ದಾರಿ ಸಲೀಸಾಗಿತ್ತು. ಬೆನ್ನ ಹಿಂದೆ ಗಾಳಿ, ಸಮತಟ್ಟು ರಸ್ತೆ, ಪಕ್ಕದಲ್ಲಿ ಕಾಲುವೆ. ಪಂಪ್ ಮಾಮ ಆಗಾಗ ಕೈ ಎತ್ತುತ್ತಿದ್ದರು, ಎಲ್ಲರೂ ನಿಲ್ಲುತ್ತಿದ್ದರು. ಕೆಲವರು ನೀರು ಕುಡಿಯುತ್ತಿದ್ದರು, ಕೆಲವರು ಪೊದೆಯ ಮರೆಗೆ ಹೋಗಿಬರುತ್ತಿದ್ದರು. ನಾನು ಕ್ಯಾನಿನ ಮುಚ್ಚಳ ತೆಗೆದು ಒಬ್ಬೊಬ್ಬರ ಬಾಟಲಿಗೂ ಬಗ್ಗಿಸುತ್ತಿದ್ದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ, ತಲೆ ನರೆತ ಒಬ್ಬ ಬಡಗಿ, ಜೊತೆಯಲ್ಲೇ ಜಗಳಾಡಿಕೊಂಡು ತುಳಿಯುವ ಗಂಡ ಹೆಂಡತಿ, ಎಲ್ಲರೂ ನನ್ನ ನೀರು ಕುಡಿದರು.

“ನೀವು ಕುಡಿದ್ರಾ ಅಕ್ಕ?” ಎಂದು ಆ ಹುಡುಗಿ ಒಂದು ಸಲ ಕೇಳಿದಳು.

“ಆಯ್ತು, ಆಯ್ತು,” ಎಂದೆ.

ಸುಳ್ಳು ಹೇಳಿದೆ ಎಂದು ನನಗೆ ಅನಿಸಲಿಲ್ಲ. ಕ್ಯಾನಿನ ಮುಚ್ಚಳದಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಿದ್ದೆ. ನನ್ನ ಲೆಕ್ಕದಲ್ಲಿ ಅದೇ ಕುಡಿಯುವುದು. ಪ್ರತಿ ಅಭ್ಯಾಸದ ದಿನವೂ ನನ್ನ ಬಾಟಲಿಗಳು ತುಂಬಿದ ಹಾಗೆಯೇ ಮನೆಗೆ ಬರುತ್ತಿದ್ದವು. ಆ ನೀರನ್ನು ಬಾಲ್ಕನಿಯ ಕುಂಡಗಳಿಗೆ ಸುರಿಯುತ್ತಿದ್ದೆ. ಉಳಿದಿದೆ ಎಂದರೆ ಸಾಕಾಗಿದೆ ಎಂದೇ ಅರ್ಥವಲ್ಲವೇ. ಸಂಬಳದಲ್ಲಾಗಲಿ, ಅಡುಗೆಯಲ್ಲಾಗಲಿ ನಾನು ಹಾಗೆಯೇ ಅರ್ಥ ಮಾಡಿಕೊಂಡು ಬಂದವಳು.

ಅಣೆಕಟ್ಟಿನ ಕಟ್ಟೆಯ ಮೇಲೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆವು. ಮಗಳು ಕಾಲು ಇಳಿಬಿಟ್ಟುಕೊಂಡು ಬೆಟ್ಟದ ದಾರಿ ಹೇಗಿರುತ್ತದೆ ಎಂದು ಪಂಪ್ ಮಾಮನನ್ನು ಕೇಳುತ್ತಿದ್ದಳು. ಮೂರನೆಯ ದಿನದ ಏರಿನಲ್ಲಿ ಮೋಡ ಕಾಲ ಕೆಳಗೆ ಇರುತ್ತದಂತೆ. “ಕೆಳಗೇನಾ?” ಎಂದು ಎರಡೆರಡು ಸಲ ಕೇಳಿದಳು. ನಾನು ಆ ಮುಖ ನೋಡುತ್ತಾ ಕೂತೆ. ಮೊಟ್ಟೆ ಗಂಟಲಲ್ಲಿ ಸ್ವಲ್ಪ ನಿಂತಿತು, ಕ್ಯಾನಿನ ಒಂದು ಗುಟುಕು ನೀರಿನಲ್ಲಿ ಇಳಿಸಿದೆ.

ವಾಪಸ್ಸು ಬರುವಾಗ ಗಾಳಿ ಎದುರಿಗೆ ನಿಂತಿತು. ಎಷ್ಟು ತುಳಿದರೂ ಅದೇ ಕರೆಂಟು ಕಂಬ ಕಣ್ಣ ಮುಂದೆ. ಒಂದು ಹೊತ್ತಿನಲ್ಲಿ ನನ್ನ ಅಂಗಿ ಪೂರ್ತಿ ಒಣಗಿದೆ ಎಂದು ಗಮನಕ್ಕೆ ಬಂತು. ಬೆವರು ನಿಂತಿತ್ತು. ಪರವಾಗಿಲ್ಲ, ಮೈ ಪಳಗಿದೆ ಎಂದುಕೊಂಡೆ. ಆಮೇಲೆ ಆ ಸುಡು ಬಿಸಿಲಿನಲ್ಲಿ ತೋಳಿನ ಮೇಲೆ ನವಿರೆದ್ದಿತು. ಹೆಲ್ಮೆಟ್ ಯಾರೋ ಹಿಂಡಿದ ಹಾಗೆ ಬಿಗಿಯಾಯಿತು. ಮಗಳು ಏನೋ ಹೇಳುತ್ತಿದ್ದಳು; ಅದು ಗೋಡೆಯಾಚೆಯ ರೇಡಿಯೋದ ಹಾಗೆ ಕೇಳಿಸುತ್ತಿತ್ತು.

“ಅಮ್ಮ, ಕೇಳಿಸ್ಕೊಳ್ತಿದ್ಯಾ?”

“ಹೂಂ.”

“ಏನ್ ಹೇಳ್ದೆ ಹೇಳು ನೋಡೋಣ.”

ಉತ್ತರ ಹುಡುಕುವಷ್ಟರಲ್ಲಿ ಬಲಗಾಲಿನ ಮೀನಖಂಡ ಒಳಗಿಂದ ಹಗ್ಗ ಹುರಿ ಮಾಡಿದ ಹಾಗೆ ಸೆಟೆಯಿತು. ಕಾಲು ಕೆಳಗಿಡಲಾಗಲಿಲ್ಲ. ನಾನು, ಸೈಕಲ್ಲು, ಅಷ್ಟೂ ನೀರು ಒಟ್ಟಿಗೆ ರಸ್ತೆಯ ಪಕ್ಕದ ಮಣ್ಣಿಗೆ ವಾಲಿದೆವು.

*

ಮಗಳು ನನ್ನನ್ನು ಒಂದು ಬಸ್ ತಂಗುದಾಣದ ನೆರಳಿಗೆ ಹೇಗೆ ಎಳೆದು ತಂದಳೋ ತಿಳಿಯದು. ಸಿಮೆಂಟಿನ ಬೆಂಚು ಬೆನ್ನಿಗೆ ಬಿಸಿಯಾಗಿ ತಾಗುತ್ತಿತ್ತು. ಪಂಪ್ ಮಾಮ ನನ್ನ ಪಾದ ಹಿಡಿದು ಮೇಲಕ್ಕೆ ಒತ್ತುತ್ತಿದ್ದರು. ಮಗಳು ನನ್ನ ಸೈಕಲ್ಲಿನ ಬಾಟಲಿ ಕಿತ್ತುಕೊಂಡು ಬಂದು ಮುಚ್ಚಳ ತಿರುಗಿಸಿದಳು. ನೀರು ಅಂಚಿನಿಂದ ತುಳುಕಿ ಅವಳ ಕೈ ಮೇಲೆ ಹರಿಯಿತು. ಅದನ್ನು ನೋಡಿ ಒಂದು ಕ್ಷಣ ನಿಂತಳು. ಹೋಗಿ ಇನ್ನೊಂದು ಬಾಟಲಿ ತಂದಳು. ಅದೂ ಹಾಗೆಯೇ. ಚೀಲದೊಳಗಿನ ಎರಡನ್ನೂ ತಂದು ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ಕತ್ತಿನ ಮೇಲೆ ಅವಳಪ್ಪನ ಹಿಟ್ಟಿನ ಬೆರಳು ಹಾಗೇ ಇತ್ತು.

“ಅಮ್ಮ, ಇದ್ಯಾವ್ದನ್ನೂ ನೀನು ಕುಡ್ದೇ ಇಲ್ಲ.”

“ಕುಡ್ದೆ.”

“ಎಲ್ಲಿ?”

“ಅಣೆಕಟ್ಟಲ್ಲಿ. ಬಾಯಿ ಒದ್ದೆ ಮಾಡ್ಕೊಂಡೆ.”

“ಒದ್ದೆ ಮಾಡ್ಕೊಳೋಕೆ ನೀನೇನು ಸ್ಟಾಂಪ್ ಅಂಟಿಸ್ತಿದ್ಯಾ?”

ಬಡಗಿ ಮುಖ ಆಚೆ ತಿರುಗಿಸಿಕೊಂಡರು. ಪಂಪ್ ಮಾಮ ನಗಲಿಲ್ಲ. “ಬೆಳಿಗ್ಗೆಯಿಂದ ಎಷ್ಟು ಸಲ ಮರೆಗೆ ಹೋದೆಯಮ್ಮ?” ಎಂದು ಕೇಳಿದರು.

ಮಗಳೇ ಹೇಳಿದಳು: “ಒಂದ್ ಸಲಾನೂ ಇಲ್ಲ ಮಾಮ. ಯಾವತ್ತೂ ಹೋಗಲ್ಲ ಇವ್ಳು. ನಾನು, ಅಮ್ಮಂಗೆ ಬರೋದೇ ಇಲ್ವೇನೋ ಅಂದ್ಕೊಂಡಿದ್ದೆ.”

“ಬರಲ್ಲ ಅಂತಲ್ಲ,” ಎಂದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. “ಅಭ್ಯಾಸ ಆಗ್ಬಿಟ್ಟಿದೆ.”

ಎಂಥ ಅಭ್ಯಾಸ ಎಂದು ಬಿಡಿಸಿ ಹೇಳುವುದಕ್ಕೆ ಆಗ ಶಕ್ತಿಯಿರಲಿಲ್ಲ. ನನ್ನ ಕ್ರೇನು ಗೋದಾಮಿನ ಚಾವಣಿಯ ಕೆಳಗೆ ಹಳಿಗಳ ಮೇಲೆ ಓಡುವಂಥದು. ಅದಕ್ಕೆ ನೇತುಬಿದ್ದ ಗಾಜಿನ ಪೆಟ್ಟಿಗೆಯಲ್ಲಿ ನಾನು ಕೂತಿರುತ್ತೇನೆ. ಕೆಳಗೆ ಕೊಕ್ಕೆ ಹಾಕುವವರು, ಬಿಚ್ಚುವವರು, ತೊಲೆ ಕತ್ತರಿಸುವವರು, ಸರದಿಯಲ್ಲಿ ನಿಂತ ಲಾರಿಗಳು. ನಾನು ಇಳಿದರೆ ಇಡೀ ಶೆಡ್ಡು ನಿಲ್ಲುತ್ತದೆ. ಏಣಿಯಲ್ಲಿ ಇಳಿಯುವುದನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಶೌಚಾಲಯ ಆ ತುದಿಯಲ್ಲಿದೆ. ಅಲ್ಲಿಯವರೆಗೂ ನಡೆಯುವಾಗ ನಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂದು ತಿಳಿಯದವರು ಒಬ್ಬರೂ ಇರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಲಾರಿ ಡ್ರೈವರು ಹಾರ್ನ್ ಹೊಡೆದಿದ್ದ. ಆವತ್ತಿನಿಂದ ಬೆಳಿಗ್ಗೆ ಏಳುತ್ತಲೇ ಅರ್ಧ ಲೋಟ, ಮತ್ತೆ ಪಾಳಿ ಮುಗಿದ ಮೇಲೆಯೇ. ದಾಹ ಎನ್ನುವುದು ನಾಲ್ಕಾರು ತಿಂಗಳು ಬಾಗಿಲು ಬಡಿದು ಆಮೇಲೆ ಬರುವುದನ್ನೇ ಬಿಟ್ಟಿತು.

ಮಗಳು ಬಾಟಲಿಯನ್ನು ನನ್ನ ತುಟಿಗೆ ಹಿಡಿದಳು. “ಸ್ವಲ್ಪ ಸ್ವಲ್ಪ. ಹಾಂ, ನುಂಗು. ಇನ್ನೊಂದು.” ಚಿಕ್ಕಂದಿನಲ್ಲಿ ಅವಳಿಗೆ ಜ್ವರದ ಔಷಧಿ ಕುಡಿಸುವಾಗ ನಾನು ಬಳಸುತ್ತಿದ್ದ ದನಿ ಅದು.

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಅದನ್ನು ನಡೆಸುವವರು ಪಂಪ್ ಮಾಮನ ಹೆಂಡತಿ. ಮಕ್ಕಳೆಲ್ಲ ಅವರನ್ನು ಅತ್ತೆ ಎನ್ನುತ್ತಾರೆ. ಅವರು ಇಳಿದು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, “ಹತ್ತಮ್ಮ ಒಳಗೆ,” ಎಂದರು.

“ಸ್ವಲ್ಪ ಹೊತ್ತು ಕೂತ್ರೆ ಸರಿಹೋಗುತ್ತೆ. ನಾನು ತುಳೀತೀನಿ.”

“ತುಳಿಯೋದು ಆಮೇಲೆ. ಮರ್ಯಾದೆ ಆಮೇಲೆ. ಮೊದ್ಲು ಹತ್ತು.”

“ಅತ್ತೆ, ನಾನು ಹತ್ತಿದ್ರೆ ಇವ್ಳಿಗೆ—”

“ಅಮ್ಮ, ಹತ್ತು,” ಎಂದಳು ಮಗಳು. ನನ್ನ ಮುಖ ನೋಡಲಿಲ್ಲ. ಹೋಗಿ ನನ್ನ ಸೈಕಲ್ಲನ್ನು ಎತ್ತಿ ವ್ಯಾನಿನ ಹಿಂದೆ ಹಾಕಿದಳು. ಆಮೇಲೆ ತನ್ನದನ್ನೂ ಹಾಕಿದಳು.

ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಳು. ನಾವು ಒಬ್ಬೊಬ್ಬರನ್ನೇ ದಾಟಿದೆವು: ಬಡಗಿಯನ್ನು, ಔಷಧಿ ಅಂಗಡಿಯ ಹುಡುಗಿಯನ್ನು, ಜಗಳಾಡುತ್ತಲೇ ಇದ್ದ ಗಂಡ ಹೆಂಡತಿಯನ್ನು. ಅವರ ಬಾಟಲಿಗಳಲ್ಲಿ ನನ್ನ ನೀರಿತ್ತು.

*

ಎಲ್ಲರೂ ಬಂದು ಸೇರಿದ ಮೇಲೆ ಅಂಗಡಿಯ ಮುಂದೆ ಪಂಪ್ ಮಾಮ ಕೈಯ ಗ್ರೀಸನ್ನು ಹಳೇ ಬಟ್ಟೆಗೆ ಒರೆಸಿಕೊಳ್ಳುತ್ತಾ ಹೇಳಿದರು: “ಬೆಟ್ಟಕ್ಕೆ ನಿನ್ನನ್ನ ಕರ್ಕೊಂಡು ಹೋಗಲ್ಲಮ್ಮ. ಬೇಜಾರು ಮಾಡ್ಕೋಬೇಡ. ನೀರಿಲ್ದೆ ಬಿದ್ದೋರನ್ನ ನೋಡಿದೀನಿ. ನೀರು ಬೆನ್ನಿಗೆ ಕಟ್ಕೊಂಡು ಬಿದ್ದೋರನ್ನ ಇವತ್ತೇ ನೋಡಿದ್ದು. ಅಲ್ಲಿ ಮೇಲೆ ವ್ಯಾನು ಸಿಗೋಕೆ ಅರ್ಧ ದಿನ ಹಿಡಿಯುತ್ತೆ.”

ಮಗಳು ಅಷ್ಟು ಕೇಳಿಸಿಕೊಂಡು ಸೈಕಲ್ ತಳ್ಳಿಕೊಂಡು ಮನೆಯ ಕಡೆ ನಡೆದಳು.

“ಅವಳದ್ದೇನು ತಪ್ಪು ಮಾಮ?”

“ನಾನೂ ಅದನ್ನೇ ಕೇಳ್ತಿರೋದು.” ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿದರು. “ತಿಂಗಳ ಕೊನೇಲಿ ಇನ್ನೊಂದು ಗುಂಪು ಅಣೆಕಟ್ಟಿಗೆ ಹೋಗುತ್ತೆ. ಬರೋದಾದ್ರೆ ಬಾ. ಕಾಲಿಗೇನೂ ಆಗಿಲ್ಲ ನಿಂಗೆ. ಕಾಲು ಗಟ್ಟಿಯಾಗೇ ಇದೆ.”

ಮನೆಯಲ್ಲಿ ನನ್ನ ಗಂಡ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನನ್ನ ಮುಖ ನೋಡಿ ಅಣೆಕಟ್ಟಿನ ತಮಾಷೆಯನ್ನು ಬಾಯಲ್ಲೇ ನುಂಗಿದರು. ಮಗಳು ಅಡುಗೆಮನೆಯಲ್ಲಿ ಬಾಟಲಿಗಳನ್ನು ಒಂದೊಂದಾಗಿ ಸಿಂಕಿಗೆ ಸುರಿಯುತ್ತಿದ್ದಳು. ಅಂದು ಕುಂಡಗಳಿಗೂ ಹಾಕಲಿಲ್ಲ.

“ಕೋಪ ಇದ್ರೆ ಬೈದುಬಿಡು,” ಎಂದೆ.

“ಬೆಟ್ಟ ತಪ್ಪಿಹೋಯ್ತು ಅಂತ ಕೋಪ ಅಲ್ಲ.” ನೀರು ಸುರಿಯುತ್ತಲೇ ಇತ್ತು. “ನಿನ್ನ ನೀರು ನಾನು ಕುಡೀಬೇಕು, ಊರೆಲ್ಲ ಕುಡೀಬೇಕು, ನಿಂಗೆ ಮಾತ್ರ ಬೇಡ. ಹಾಗಂದ್ಕೊಂಡು ನೀನು ಬಿದ್ದುಬಿಟ್ರೆ, ಕುಡ್ದೋಳಿಗೆ ಹೇಗಿರುತ್ತೆ ಅಂತ ಯೋಚನೆ ಮಾಡಿದ್ಯಾ? ನೀನು ಕಣ್ಣು ಮುಚ್ಕೊಂಡಿದ್ದೆ ಅಲ್ಲಿ. ನಾನು ಕರೀತಾನೇ ಇದ್ದೆ.”

ಇಷ್ಟುದ್ದ ಅವಳು ಮನೆಯೊಳಗೆ ಮಾತಾಡಿ ವರ್ಷವಾಗಿತ್ತು. ಅಷ್ಟನ್ನೂ ಸಿಂಕಿಗೆ ಹೇಳಿದಳು.

*

ಮನೆಯಲ್ಲಿದ್ದಾಗ ಮಾತ್ರ ಕುಡಿದು ನೋಡಿದೆ. ಆಗಲಿಲ್ಲ. ಎರಡು ಲೋಟಕ್ಕೆ ಹೊಟ್ಟೆ ತೊಳಸುತ್ತಿತ್ತು, ಕುಡಿಯಬೇಕು ಎನ್ನುವುದೇ ಮರೆತುಹೋಗುತ್ತಿತ್ತು. ಹಗಲೆಲ್ಲ ಮುಚ್ಚಿಟ್ಟ ಬಾಗಿಲನ್ನು ಸಂಜೆಯ ಹೊತ್ತು ತೆರೆದರೆ ಯಾರು ಬರುತ್ತಾರೆ. ಕಲಿಯುವುದಾದರೆ ಮೇಲೆ, ಆ ಗಾಜಿನ ಪೆಟ್ಟಿಗೆಯಲ್ಲೇ ಕಲಿಯಬೇಕಿತ್ತು.

ಸೋಮವಾರ ಒಂದು ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿದೆ. ಪ್ರತಿ ಲಾರಿ ತುಂಬಿದ ಮೇಲೆ ನಾಲ್ಕು ಗುಟುಕು. ಲಾರಿಗಳ ಲೆಕ್ಕ ನನಗೆ ಸುಲಭ. ಹತ್ತು ಗಂಟೆಯ ಸುಮಾರಿಗೆ ಹೊಟ್ಟೆಯ ಕೆಳಗೆ ಭಾರ ಕೂತಿತು. ಆಗ ಕೊಕ್ಕೆಯಲ್ಲಿ ಒಂದು ಕಟ್ಟು ತೊಲೆ ನೇತಾಡುತ್ತಿತ್ತು. ಅದನ್ನು ಲಾರಿಗೆ ಇಳಿಸಿ, ಕೊಕ್ಕೆ ಮೇಲೆತ್ತಿ, ವಾಕಿಟಾಕಿ ಒತ್ತಿದೆ.

“ಕೊಕ್ಕೆಯಣ್ಣ, ನಾನು ಇಳೀತಿದೀನಿ.”

ಕೊಕ್ಕೆಯಣ್ಣ ಎಂದರೆ ಕೆಳಗೆ ಭಾರ ಕಟ್ಟುವವನು. ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು.

“ಯಾಕಕ್ಕ, ಕ್ರೇನ್ ಕೆಟ್ಟೋಯ್ತಾ?”

“ಇಲ್ಲ.”

“ಮೈ ಹುಷಾರಿಲ್ವಾ?”

“ಚೆನ್ನಾಗಿದೀನಿ. ಇಳೀತಿದೀನಿ ಅಷ್ಟೆ.”

“ಹಾಂ. ಸರಿ ಬನ್ನಿ,” ಎಂದ.

ಎಲ್ಲರೂ ಕತ್ತೆತ್ತಿದರು. ಕತ್ತರಿಸುವ ಯಂತ್ರ ನಿಂತಿತು. ಇಳಿಯುವಾಗ ಏಣಿಯ ಒಂದೊಂದು ಮೆಟ್ಟಿಲೂ ನನ್ನ ಬಗ್ಗೆ ಏನೋ ಹೇಳುತ್ತಿರುವ ಹಾಗಿತ್ತು. ಕೆಳಗೆ ಮೇಸ್ತ್ರಿ ನಿಂತಿದ್ದರು.

“ಏನಮ್ಮ ಇದು. ಮೂರು ಲಾರಿ ನಿಂತಿವೆ. ಮೊದ್ಲೇ ಹೇಳ್ಬಾರ್ದಾ?”

“ಇದನ್ನ ಹೇಗೆ ಮೇಸ್ತ್ರಿ ಮೊದ್ಲೇ ಹೇಳೋದು?”

“ಇಷ್ಟು ವರ್ಷ ಇಲ್ದಿದ್ದು?”

“ಇಷ್ಟು ವರ್ಷ ನೀವು ಎಷ್ಟು ಸಲ ಹೋಗಿದೀರಿ, ಅದನ್ನ ಯಾರಾದ್ರೂ ಕೇಳಿದಾರಾ?”

ಇಷ್ಟನ್ನು ನಾನು ಹೇಳಿದೆನೇ ಎಂದು ನನಗೇ ಬೆರಗಾಯಿತು. ಧೈರ್ಯದಿಂದಲ್ಲ, ತಡೆಯಲಾರದೆ. ಮೇಸ್ತ್ರಿ ದಾರಿ ಬಿಟ್ಟರು. ಒಬ್ಬ ಲಾರಿಯವನು ಹಾರ್ನ್ ಹೊಡೆದ. ನಾನು ಆ ತುದಿಯವರೆಗೆ ಹೋಗಿ, ಆ ತುದಿಯಿಂದ ಬಂದು, ಮತ್ತೆ ಹತ್ತಿದೆ. ಮಧ್ಯಾಹ್ನದ ಮೇಲೆ ಇನ್ನೊಂದು ಸಲ ಇಳಿದೆ.

ವಾರ ಕಳೆಯುವಷ್ಟರಲ್ಲಿ ಕೊಕ್ಕೆಯಣ್ಣನೇ ಲಾರಿಯವರಿಗೆ, “ಅಕ್ಕ ಇಳೀತಾರೆ, ಟೀ ಕುಡ್ಕೊಂಡು ಬರೋರು ಬನ್ನಿ,” ಎಂದು ಸಾರತೊಡಗಿದ. ಮೇಸ್ತ್ರಿಯ ಮುಖ ಮಾತ್ರ ಸರಿಹೋಗಲಿಲ್ಲ. ತಿಂಗಳ ಸಭೆಯಲ್ಲಿ ನನ್ನ ಹೆಸರು ಎತ್ತುತ್ತೇನೆ ಎಂದಿದ್ದಾರೆ. ಎತ್ತಲಿ. ಸಂಜೆ ಮನೆಗೆ ಬರುವಾಗ ಎಂದಿನಂತೆ ತಲೆ ಸಿಡಿಯುತ್ತಿರಲಿಲ್ಲ. ಅದು ಕ್ರೇನಿನ ಸದ್ದಿಗೆ ಬರುವ ನೋವು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಸುಸ್ತು ಇದ್ದೇ ಇತ್ತು, ಅದಕ್ಕೆ ನೀರು ಔಷಧಿಯಲ್ಲ.

*

ತಿಂಗಳ ಕೊನೆಯ ಗುಂಪು ಬೇರೆಯದೇ. ವೇಗವಾಗಿ ತುಳಿಯುವವರು, ಮೈಗಂಟಿದ ಬಣ್ಣದ ಅಂಗಿಗಳು. ನನ್ನ ಸೈಕಲ್ಲಿನ ಕ್ಯಾನು ಮನೆಯಲ್ಲೇ ಉಳಿದಿತ್ತು. ಪಂಪ್ ಮಾಮ ಬೇಡ ಎಂದಿದ್ದರು. ಅವರವರ ನೀರು ಅವರವರದು. ಹೋಗುವಾಗ ಅವರು ಕೈ ಎತ್ತಿ ನಿಲ್ಲಿಸಿದ ಕಡೆಯಲ್ಲೆಲ್ಲ ನಾನೂ ಕುಡಿದೆ, ನಾನೂ ಮರೆಗೆ ಹೋದೆ. ನನ್ನ ಬಾಟಲಿಯ ಮೇಲೆ ಮಗಳ ಕಣ್ಣು ಹೋಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ವಾಪಸ್ಸು ಬರುವಾಗ ಮತ್ತೆ ಅದೇ ಎದುರು ಗಾಳಿ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ತುಳಿಯುತ್ತಿದ್ದೆವು. ಮುಂದಿನವರು ಗಾಳಿ ಸೀಳಿದರೆ ಹಿಂದಿನವರಿಗೆ ಅಷ್ಟು ಹಗುರ. ಸಾಲು ಒಮ್ಮೆ ನಿಂತರೆ ಮತ್ತೆ ಆ ಓಟ ಹಿಡಿಯುವುದು ಕಷ್ಟ. ಪಂಪ್ ಮಾಮ ತಲೆ ತಗ್ಗಿಸಿ ತುಳಿಯುತ್ತಿದ್ದರು, ಕೈ ಎತ್ತಲೇ ಇಲ್ಲ. ಬಿಸಿಲು ಬಾಗುತ್ತಿತ್ತು. ಎಲ್ಲರಿಗೂ ಕತ್ತಲಿನ ಗಡುವು.

ನನ್ನ ಒಂದು ಬಾಟಲಿ ಖಾಲಿಯಾಗಿ ಬಹಳ ಹೊತ್ತಾಗಿತ್ತು. ಅದರೊಳಗಿದ್ದದ್ದೆಲ್ಲ ಈಗ ನನ್ನೊಳಗಿತ್ತು. ಮುಂದಿನ ಸೇತುವೆಯವರೆಗೆ ತಡೆದುಕೊಳ್ಳೋಣ ಎಂದುಕೊಂಡೆ. ಸೇತುವೆ ಬಂತು, ಹೋಯಿತು. ಆ ಪೆಟ್ರೋಲ್ ಬಂಕಿನವರೆಗೆ ಎಂದುಕೊಂಡೆ. ಅದೂ ಹೋಯಿತು. ಆಗ ಗಮನಕ್ಕೆ ಬಂತು: ಇನ್ನೊಂದು ಬಾಟಲಿಯಲ್ಲಿ ನೀರಿದೆ, ಗಂಟಲು ಒಣಗಿದೆ, ಆದರೂ ನಾನು ಅದಕ್ಕೆ ಕೈ ಹಾಕುತ್ತಿಲ್ಲ. ಕುಡಿದರೆ ಇನ್ನೂ ಬೇಗ ನಿಲ್ಲಿಸಬೇಕಾಗುತ್ತದಲ್ಲ ಎಂದು. ಮೈ ಎಷ್ಟು ಬೇಗ ಹಳೆಯ ದಾರಿಗೆ ಹೊರಳಿಬಿಟ್ಟಿತ್ತು.

“ನಿಲ್ಲಿ,” ಎಂದೆ.

ಗಾಳಿ ಅದನ್ನು ಹಿಂದಕ್ಕೆ ಒಯ್ದಿತು. ಯಾರಿಗೂ ಕೇಳಿಸಲಿಲ್ಲ.

“ನಿಲ್ಲಿ. ನಾನು ಹೋಗ್ಬೇಕು.”

ಸಾಲು ಒಂದೊಂದಾಗಿ ಬ್ರೇಕ್ ಹಿಡಿಯಿತು. ಮುಂದಿದ್ದ ಹಳದಿ ಅಂಗಿಯವನು ತಿರುಗಿ ನೋಡಿ, “ಈಗ್ತಾನೆ ಓಟ ಸಿಕ್ಕಿತ್ತು,” ಎಂದು ಗೊಣಗಿದ. ಇನ್ನೊಬ್ಬ ಗಡಿಯಾರ ನೋಡಿಕೊಂಡ. ನಾನು ಸೈಕಲ್ಲನ್ನು ಮಗಳ ಕೈಗೆ ಕೊಟ್ಟು ಕಾಲುವೆಯ ದಿಬ್ಬದ ಆಚೆ ಇಳಿದೆ. ಅಷ್ಟು ಜನ ನನಗಾಗಿ ನಿಂತಿದ್ದಾರೆ ಎಂಬುದು ಬೆನ್ನಿನ ಮೇಲೆ ಬಿಸಿಲಿನಂತೆ ಕೂತಿತ್ತು. ಆದರೂ ಅವಸರ ಮಾಡಲಿಲ್ಲ. ಅವಸರ ಮಾಡುವುದಕ್ಕೂ ಸುಸ್ತಾಗಿತ್ತು ಎನ್ನುವುದೇ ಸರಿ.

ಬಂದು ಸೈಕಲ್ ಹಿಡಿದು ಬಾಟಲಿ ಎತ್ತಿ ಎಲ್ಲರೆದುರಿಗೇ ಕುಡಿದೆ. ಪಂಪ್ ಮಾಮ ಮುಂದಿನಿಂದ ನೋಡುತ್ತಿದ್ದರು.

“ಬೆಟ್ಟದಲ್ಲಿ ಎಲ್ಲೆಲ್ಲಿ ನಿಲ್ಲೋದು ಅಂತ ನೀನೇ ಹೇಳಮ್ಮ,” ಎಂದರು. “ನಾನು ಮುಂದೆ ತುಳೀತಾ ತುಳೀತಾ ಮರ್ತುಬಿಡ್ತೀನಿ. ವಯಸ್ಸಾಯ್ತು. ನಿಂಗೆ ಬೇಕಾದಾಗ ಎಲ್ರಿಗೂ ಬೇಕಾಗಿರುತ್ತೆ, ಬಾಯಿ ಬಿಡಲ್ಲ ಅಷ್ಟೆ.”

ಮಗಳು ತಲೆ ಎತ್ತಿದಳು. “ಬೆಟ್ಟದಲ್ಲಿ ಅಂದ್ರಾ ಮಾಮ?”

“ಕಿವಿ ಕೇಳ್ಸಲ್ವಾ ನಿಂಗೆ?”

ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡಿದಳು, ಸಡಿಲ ಮಾಡಿದಳು. ಎಲ್ಲರೂ ಮತ್ತೆ ಪೆಡಲ್ ಮೇಲೆ ಕಾಲಿಟ್ಟರು. ಆಗ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದಳು:

“ಅಮ್ಮ, ಇನ್ನೊಂದೈದ್ ನಿಮಿಷ ನಿಲ್ಸು. ನಂಗೂ ಆಗ್ಲಿಂದ ಬರ್ತಿದೆ.”

“ಮತ್ತೆ ಹೇಳ್ಬಾರ್ದಿತ್ತಾ?”

“ಎಲ್ರೂ ಕಾಯ್ತಾರಲ್ಲ ಅಂತ.”

ನಾನು ಕೈ ಎತ್ತಿದೆ. ಹಳದಿ ಅಂಗಿಯವನು ಆಕಾಶ ನೋಡಿದ. ಅವಳು ದಿಬ್ಬದ ಆಚೆ ಇಳಿದು ಹೋದಳು. ಎರಡು ಸೈಕಲ್ಲನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು, ಗಾಳಿಗೆ ಬೆನ್ನು ಕೊಟ್ಟು, ನಾನು ಕಾಯುತ್ತಾ ನಿಂತೆ.